ಮೊದಲ ಸಲ ಕಂಪ್ಯೂಟರ್ ಜೋಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಜೋಡಿಸುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು. ಕನೆಕ್ಟರ್‌ಗಳು ಬಹುತೇಕ ಒಂದೇ ದಿಕ್ಕಿನಲ್ಲಿ ಕೂರುತ್ತವೆ. ಜನ ಸಿಕ್ಕಿಕೊಳ್ಳುವುದು ಅದಕ್ಕಿಂತ ಮುಂಚೆ. ಹತ್ತಾರು ವಿಡಿಯೋ ನೋಡಿ, ಒಂದಕ್ಕೊಂದು ಹೊಂದದ ಪಟ್ಟಿಗಳನ್ನು ಬರೆದುಕೊಂಡು, ಕೊನೆಗೆ ಏನೂ ಕೊಳ್ಳದೆ ಕೂರುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳು ಇವು.

ಆಯ್ಕೆ ಎಲ್ಲಿಂದ ಶುರು ಮಾಡಲಿ? ಪ್ರೊಸೆಸರ್‌ನಿಂದಲಾ, ಗ್ರಾಫಿಕ್ಸ್ ಕಾರ್ಡ್‌ನಿಂದಲಾ?

ಎರಡರಿಂದಲೂ ಅಲ್ಲ. ಮೊದಲು ಈ ಕಂಪ್ಯೂಟರ್‌ನಲ್ಲಿ ಏನು ಮಾಡುತ್ತೀರಿ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. "ಎಲ್ಲಾ ಮಾಡ್ತೀನಿ" ಅಂತ ಬರೆದರೆ ಆ ಚೀಟಿ ಹರಿದು ಹಾಕಿ, ಮತ್ತೆ ಬರೆಯಿರಿ. ಆಮೇಲೆ ಮಾನಿಟರ್ ನೋಡಿ. ಆಟ ಆಡುವವರಿಗೆ ಮಿಕ್ಕ ಪಟ್ಟಿಯನ್ನೆಲ್ಲ ತೀರ್ಮಾನಿಸುವುದು ಮಾನಿಟರೇ.

1920×1080 ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ ಇರುತ್ತವೆ. 2560×1440ರಲ್ಲಿ ಸುಮಾರು 37 ಲಕ್ಷ. 4ಕೆ ಅಂದರೆ 3840×2160ರಲ್ಲಿ ಸುಮಾರು 83 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಇಷ್ಟನ್ನೂ ಸೆಕೆಂಡಿಗೆ 60 ಸಲ, 144 ಸಲ ಬಿಡಿಸಬೇಕು. ಮಾನಿಟರ್ ಬದಲಾದರೆ ಕಾರ್ಡಿನ ಕೆಲಸ ನಾಲ್ಕು ಪಟ್ಟಾಗಬಹುದು. ಹಾಗಿರುವಾಗ ಮಾನಿಟರ್ ಯಾವುದು ಎಂದು ಗೊತ್ತಿಲ್ಲದೆ ಕಾರ್ಡ್ ಆರಿಸುವುದು ಹೇಗೆ?

ಇರುವ ಹಣವನ್ನು ಹೇಗೆ ಹಂಚಬೇಕು?

ಆಟಕ್ಕೆ ಮಾತ್ರ ಕಟ್ಟುವುದಾದರೆ ಒಟ್ಟು ಹಣದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ರಾಫಿಕ್ಸ್ ಕಾರ್ಡ್‌ಗೇ ಹೋಗುತ್ತದೆ. ಅದು ತಪ್ಪಲ್ಲ, ಹಾಗೇ ಇರಬೇಕು. ಕೋಡ್ ಬರೆಯುವವರಿಗೆ, ಲೆಕ್ಕಪತ್ರ ನೋಡುವವರಿಗೆ ಪ್ರತ್ಯೇಕ ಕಾರ್ಡೇ ಬೇಡ. ಆ ಹಣವನ್ನು ಪ್ರೊಸೆಸರ್, ರ‍್ಯಾಮ್, ಒಳ್ಳೆಯ ಮಾನಿಟರ್‌ಗೆ ಹಾಕಬಹುದು. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಒಳಭಾಗ) ಜಾಸ್ತಿ ಇರುವ ಪ್ರೊಸೆಸರ್, 32 ಜಿಬಿ ರ‍್ಯಾಮ್, ದೊಡ್ಡ ಎಸ್‌ಎಸ್‌ಡಿ ಮೊದಲು, ಕಾರ್ಡ್ ಆಮೇಲೆ. ಮನೆಯಲ್ಲೇ ಎಐ ಮಾಡೆಲ್ ಓಡಿಸುವ ಆಸೆ ಇದ್ದರೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಕಾರ್ಡಿನ ವೇಗಕ್ಕಿಂತ ಅದರ ಮೆಮೊರಿ ಎಷ್ಟು ಅನ್ನುವುದೇ ಮುಖ್ಯ.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯಲ್ಲಿ ಚಿತ್ರ ಬರುತ್ತಾ?

ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದರೆ ಬರುತ್ತದೆ. ಇದೆಯೋ ಇಲ್ಲವೋ ಎಂದು ಹೆಸರಿನ ಕೊನೆಯ ಅಕ್ಷರ ನೋಡಿ ತಿಳಿಯಬಹುದು. ಇಂಟೆಲ್‌ನಲ್ಲಿ ಕೊನೆಗೆ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜನ್ 7000 ಮತ್ತು 9000 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಇರುತ್ತದೆ. ಅಲ್ಲೂ 7500ಎಫ್ ತರಹದವುಗಳಲ್ಲಿ ಇಲ್ಲ. ಹಳೆಯ ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ರೈಜನ್‌ಗಳಲ್ಲಿ ಉಲ್ಟಾ: ಹೆಸರಿನಲ್ಲಿ "ಜಿ" ಇದ್ದರೆ ಮಾತ್ರ ಗ್ರಾಫಿಕ್ಸ್ ಉಂಟು.

ಎಫ್ ಚಿಪ್ ಸ್ವಲ್ಪ ಅಗ್ಗ. ಆದರೆ ಮೊದಲ ಸಲ ಕಟ್ಟುವವರಿಗೆ ನಾನು ಗ್ರಾಫಿಕ್ಸ್ ಇರುವುದನ್ನೇ ಹೇಳುತ್ತೇನೆ. ಮುಂದೆಂದಾದರೂ ಕಾರ್ಡ್ ಕೈಕೊಟ್ಟರೆ ಕಂಪ್ಯೂಟರ್ ಸುಮ್ನೆ ಮೂಲೆ ಸೇರುವುದಿಲ್ಲ. ತೊಂದರೆ ಕಾರ್ಡಿನಲ್ಲಾ, ಬೇರೆ ಕಡೆಯಾ ಎಂದು ಪತ್ತೆ ಹಚ್ಚುವುದೂ ಸುಲಭ.

ಇಂಟೆಲ್ಲಾ, ಎಎಂಡಿಯಾ?

ಕಂಪನಿಗಿಂತ ಸಾಕೆಟ್ ನೋಡಿ ಅಂತೀನಿ. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಅದು. ಒಂದು ಸಾಕೆಟ್‌ಗೆ ಮಾಡಿದ ಚಿಪ್ ಇನ್ನೊಂದರಲ್ಲಿ ಕೂರುವುದಿಲ್ಲ. ಇಂದು ಕೊಳ್ಳುವ ಬೋರ್ಡಿನಲ್ಲೇ ಮೂರು ನಾಲ್ಕು ವರ್ಷದ ನಂತರ ಹೊಸ ಚಿಪ್ ಹಾಕಬಹುದೋ ಇಲ್ಲವೋ ಎಂದು ಹೇಳುವುದು ಸಾಕೆಟ್.

ಎಎಂಡಿ ಎಎಂ4 ಸಾಕೆಟ್ ಇಲ್ಲಿ ಒಳ್ಳೆಯ ಉದಾಹರಣೆ. 2017ರಲ್ಲಿ ಮೊದಲ ರೈಜನ್ ಜೊತೆ ಬೋರ್ಡ್ ಕೊಂಡವರಲ್ಲಿ ಅನೇಕರು ಬಯೋಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ 5800ಎಕ್ಸ್3ಡಿ ಹಾಕಿಕೊಂಡರು. ಬೋರ್ಡ್, ರ‍್ಯಾಮ್ ಎಲ್ಲ ಹಳೆಯದೇ, ಆಟದ ವೇಗ ಮಾತ್ರ ಹೊಸದು. ಅದೇ 2022ರಲ್ಲಿ ಎಎಂ5 ಬಂತು. ರೈಜನ್ 7000, 8000ಜಿ, 9000 ಎಲ್ಲವೂ ಅದರಲ್ಲೇ ಕೂರುತ್ತವೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 2021ರಲ್ಲಿ ಬಂದು 12, 13, 14ನೇ ತಲೆಮಾರುಗಳನ್ನು ಕಂಡಿತು. 2024ರಲ್ಲಿ ಕೋರ್ ಅಲ್ಟ್ರಾ 200 ಸರಣಿಯ ಜೊತೆ ಎಲ್‌ಜಿಎ 1851 ಬಂದಾಗ 1700ರ ಬೋರ್ಡ್ ಇದ್ದವರ ದಾರಿ ಅಲ್ಲಿಗೆ ಮುಗಿಯಿತು.

ಹಾಗಂತ ಇಂಟೆಲ್ ಬೇಡ ಅಂತಲ್ಲ. ಒಮ್ಮೆ ಕಟ್ಟಿ, ಆರೇಳು ವರ್ಷ ಮುಟ್ಟದೆ ಓಡಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಬದಲಿಸುವವರಿಗೆ ಸಾಕೆಟ್ ಆಯುಸ್ಸು ಲೆಕ್ಕಕ್ಕಿಲ್ಲ. ಎಡಿಟಿಂಗ್ ಮಾಡುವವರಿಗೆ ಇಂಟೆಲ್ ಚಿಪ್ ಒಳಗಿನ ಕ್ವಿಕ್ ಸಿಂಕ್ (ವಿಡಿಯೋ ಫೈಲನ್ನು ಬೇಗ ಬಿಚ್ಚಿ ಕಟ್ಟುವ ಭಾಗ) ತುಂಬಾ ಉಪಯೋಗ. ಆದರೆ 13 ಅಥವಾ 14ನೇ ತಲೆಮಾರಿನ ಚಿಪ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಆ ಚಿಪ್‌ಗಳಲ್ಲಿ ಅನೇಕವು ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ, ಕಾಲಕ್ರಮೇಣ ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು, ಚಿಪ್ ಒಳಗಿನ ಸೂಚನೆಗಳಿಗೆ (ಮೈಕ್ರೋಕೋಡ್) ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ಬರುವುದು ಬಯೋಸ್ ಜೊತೆ, ಹಾಗಾಗಿ ಇಂಥ ಚಿಪ್ ತಂದರೆ ಮೊದಲು ಬಯೋಸ್ ಅಪ್‌ಡೇಟ್, ಆಮೇಲೆ ಉಳಿದದ್ದು. ಸೆಕೆಂಡ್ ಹ್ಯಾಂಡ್ ಆದರೆ ನಾನಂತೂ ಮುಟ್ಟುವುದಿಲ್ಲ.

ಮದರ್‌ಬೋರ್ಡ್‌ಗೆ ಜಾಸ್ತಿ ಖರ್ಚು ಮಾಡಿದರೆ ವೇಗ ಜಾಸ್ತಿ ಆಗುತ್ತಾ?

ಆಗುವುದಿಲ್ಲ. ಒಂದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿನಲ್ಲಿ ಹಾಕಿದರೂ, ಮೂರು ಪಟ್ಟು ಬೆಲೆಯ ಬೋರ್ಡಿನಲ್ಲಿ ಹಾಕಿದರೂ ಆಟದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ದುಬಾರಿ ಬೋರ್ಡಿನಲ್ಲಿ ಸಿಗುವುದು ಜಾಸ್ತಿ ಪೋರ್ಟ್, ಎಸ್‌ಎಸ್‌ಡಿ ಚುಚ್ಚಲು ಜಾಸ್ತಿ ಎಂ.2 ಜಾಗ, ಪ್ರೊಸೆಸರ್‌ಗೆ ಕರೆಂಟ್ ಕೊಡುವ ಗಟ್ಟಿ ಭಾಗ, ಮತ್ತು ಅಲಂಕಾರ.

ಎಎಂ5ನಲ್ಲಿ ಬಿ650 ಅಥವಾ ಬಿ850, ಎಲ್‌ಜಿಎ 1700ರಲ್ಲಿ ಬಿ760 ಸರಣಿಯ ಬೋರ್ಡ್ ಹೆಚ್ಚಿನವರಿಗೆ ಸಾಕು. ಇಂಟೆಲ್‌ನಲ್ಲಿ "ಕೆ" ಚಿಪ್ ಹಾಕಿ ಕೋರ್‌ಗಳನ್ನು ಓವರ್‌ಕ್ಲಾಕ್ ಮಾಡಬೇಕು, ಅಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸಬೇಕು ಎಂದಿದ್ದರೆ ಮಾತ್ರ ಝಡ್ ಸರಣಿ ಬೇಕು. ತೀರಾ ಅಗ್ಗದ ಬೋರ್ಡ್‌ಗಳಲ್ಲಿ ಕರೆಂಟ್ ಕೊಡುವ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಅಂಥದರ ಮೇಲೆ 16 ಕೋರ್ ಚಿಪ್ ಕೂರಿಸಬೇಡಿ.

ವೈಫೈ ಇದೆಯಾ ಎಂದು ಮರೆಯದೆ ನೋಡಿ. ಒಂದೇ ಹೆಸರಿನ ಬೋರ್ಡ್ ವೈಫೈ ಇರುವುದು, ಇಲ್ಲದ್ದು ಅಂತ ಎರಡು ರೂಪದಲ್ಲಿ ಮಾರಾಟವಾಗುತ್ತದೆ. ಇನ್ನೊಂದು, ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್. ಬೋರ್ಡ್ ಹಳೆಯ ಸ್ಟಾಕ್ ಆಗಿದ್ದು, ಪ್ರೊಸೆಸರ್ ಆಮೇಲೆ ಬಿಡುಗಡೆ ಆದದ್ದಾದರೆ ಬೋರ್ಡ್‌ಗೆ ಆ ಚಿಪ್‌ನ ಗುರುತೇ ಸಿಗುವುದಿಲ್ಲ. ಈ ಬಟನ್ ಇದ್ದರೆ ಒಂದು ಪೆನ್‌ಡ್ರೈವ್ ಚುಚ್ಚಿ, ಪ್ರೊಸೆಸರ್ ಇಲ್ಲದೆಯೂ ಬಯೋಸ್ ಹೊಸದು ಮಾಡಬಹುದು.

ರ‍್ಯಾಮ್ ಎಷ್ಟು ಬೇಕು? ಒಂದು ದೊಡ್ಡ ಸ್ಟಿಕ್ ಒಳ್ಳೆಯದಾ, ಎರಡು ಸಣ್ಣದಾ?

16 ಜಿಬಿ ಕನಿಷ್ಠ, 32 ಜಿಬಿ ಇದ್ದರೆ ಆರಾಮ. 64 ಬೇಕಾಗುವವರಿಗೆ ಅದು ಬೇಕು ಎಂದು ಅವರ ಕೆಲಸವೇ ಹೇಳಿರುತ್ತದೆ.

ಎರಡು ಸ್ಟಿಕ್ ತಗೊಳ್ಳಿ. ಪ್ರೊಸೆಸರ್‌ಗೆ ಮೆಮೊರಿ ಜೊತೆ ಮಾತಾಡಲು ಎರಡು ಚಾನೆಲ್ ಇವೆ. ಒಂದೇ ಸ್ಟಿಕ್ ಹಾಕಿದರೆ ಅರ್ಧ ದಾರಿ ಖಾಲಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಆಟ ಆಡುವವರಿಗೆ ಇದರ ಪೆಟ್ಟು ಎದ್ದು ಕಾಣುತ್ತದೆ. ಬೋರ್ಡಿನಲ್ಲಿ ನಾಲ್ಕು ಜಾಗ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೇದು ಮತ್ತು ನಾಲ್ಕನೇದರಲ್ಲಿ ಹಾಕಬೇಕು. ಮ್ಯಾನುಯಲ್‌ನಲ್ಲಿ ಚಿತ್ರವೇ ಇರುತ್ತದೆ.

"ಈಗ ಎರಡು, ಮುಂದೆ ಇನ್ನೆರಡು ಹಾಕೋಣ" ಅನ್ನುವ ಲೆಕ್ಕ ಹಿಂದಿನ ತಲೆಮಾರಿನ ಮೆಮೊರಿಯಾದ ಡಿಡಿಆರ್4 ಕಾಲಕ್ಕೆ ಸರಿಯಿತ್ತು. ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ವೇಗ ಬೀಳುತ್ತದೆ. ರೈಜನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ ಬರೀ 3600. ಹಾಗಾಗಿ ಮುಂದೆ 32 ಬೇಕಾಗಬಹುದು ಅನಿಸಿದರೆ ಈಗಲೇ 16ರ ಎರಡು ಸ್ಟಿಕ್ ಇರುವ ಒಂದೇ ಕಿಟ್ ಕೊಳ್ಳಿ.

ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕಚ್ಚು ಇರುವ ಜಾಗವೇ ಬೇರೆ. ಎಎಂ5ಗೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡೂ ತರಹದ ಬೋರ್ಡ್‌ಗಳಿವೆ, ನೋಡಿ ಕೊಳ್ಳಿ.

6000 ವೇಗದ ರ‍್ಯಾಮ್ ತಂದೆ, ಕಂಪ್ಯೂಟರ್ 4800 ಅಂತ ತೋರಿಸ್ತಿದೆ. ಮೋಸ ಹೋದೆನಾ?

ಇಲ್ಲ. ಬಯೋಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ. ಅದನ್ನು ಆನ್ ಮಾಡುವವರೆಗೆ ರ‍್ಯಾಮ್ ತನ್ನ ಮೂಲ ವೇಗದಲ್ಲೇ ಓಡುತ್ತದೆ. ವರ್ಷಗಟ್ಟಲೆ ಹಾಗೇ ಬಳಸುವವರೂ ಇದ್ದಾರೆ.

ಗ್ರಾಫಿಕ್ಸ್ ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಸಾಕಾ?

1080 ಪರದೆಯಲ್ಲಿ ಹಳೆಯ ಆಟ, ಆನ್‌ಲೈನ್ ಆಟಗಳಿಗೆ ಸಾಕು. ಹೊಸ ದೊಡ್ಡ ಆಟಗಳನ್ನು ಹೆಚ್ಚಿನ ಸೆಟ್ಟಿಂಗ್‌ನಲ್ಲಿ ಆಡಬೇಕು ಅಂದರೆ ಸಾಲದು. ಮೆಮೊರಿ ತುಂಬಿದಾಗ ವೇಗ ಮೆಲ್ಲಗೆ ಇಳಿಯುವುದಿಲ್ಲ, ಆಟ ತಟಕ್ಕನೆ ಎಡವುತ್ತದೆ. ಸರಾಸರಿ ಅಂಕಿ ಚೆನ್ನಾಗಿದ್ದರೂ ಆಡಲು ಕಿರಿಕಿರಿ. ಕೆಲವು ಆಟಗಳು ಎಡವುವುದೂ ಇಲ್ಲ, ಸದ್ದಿಲ್ಲದೆ ಚಿತ್ರದ ಗುಣಮಟ್ಟ ಇಳಿಸಿಬಿಡುತ್ತವೆ.

ಹೆಸರು ನೋಡಿ ಕೊಳ್ಳುವವರಿಗೆ ಇಲ್ಲೊಂದು ಗುಂಡಿ ಇದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಅಂತ ಎರಡೆರಡು ರೂಪದಲ್ಲಿವೆ. ಹೆಸರು ಒಂದೇ. ರಿವ್ಯೂ 16ರದ್ದು ನೋಡಿ, 8ರದ್ದು ತಂದುಬಿಟ್ಟರೆ ಬೇಜಾರು. ಹಣ ಹೊಂದಿಸಲು ಆಗುವುದಾದರೆ 16 ಜಿಬಿಯದ್ದನ್ನೇ ಕೊಳ್ಳಿ. ರ‍್ಯಾಮ್ ಹಾಗೆ ಇದನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ಬ್ಲೆಂಡರ್‌ನಲ್ಲಿ 3ಡಿ ಚಿತ್ರ ಮಾಡುವುದು, ಎಐ ತರಹದ ಕೆಲಸಕ್ಕೆ ಎನ್ವಿಡಿಯಾ ಕಾರ್ಡಿನಲ್ಲಿ ಗೋಜಲು ಕಡಿಮೆ, ಎನ್ವಿಡಿಯಾದ್ದೇ ಆದ ಕುಡಾ (CUDA) ತಂತ್ರಜ್ಞಾನವನ್ನು ನೆಚ್ಚಿಕೊಂಡ ಸಾಫ್ಟ್‌ವೇರ್ ಜಾಸ್ತಿ. ಬರೀ ಆಟ, ಅದರಲ್ಲೂ ಲಿನಕ್ಸ್ ಆದರೆ ಎಎಂಡಿ ಕಾರ್ಡ್ ಸಲೀಸು.

ಎಸ್‌ಎಸ್‌ಡಿಯಲ್ಲಿ ಯಾವುದು?

1 ಟಿಬಿಯ ಒಂದು ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ. ಅದು ಬೋರ್ಡ್ ಜೊತೆ ಮಾತಾಡುವ ದಾರಿ ಪಿಸಿಐಇ 4.0 ಆದರೆ ಸೆಕೆಂಡಿಗೆ ಸುಮಾರು 7000 ಎಂಬಿವರೆಗೆ ಓದುತ್ತದೆ, 5.0 ಅದರ ಎರಡರಷ್ಟು. ಆದರೆ ವಿಂಡೋಸ್ ತೆರೆಯುವಾಗ, ಆಟ ಲೋಡ್ ಆಗುವಾಗ ಆ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. 5.0ಕ್ಕೆ ಕೊಡುವ ಹಣದಲ್ಲಿ ಜಾಗ ದೊಡ್ಡದು ಮಾಡಿಕೊಳ್ಳಿ. ಟಿಎಲ್‌ಸಿ, ಕ್ಯೂಎಲ್‌ಸಿ ಎಂಬ ಎರಡು ಬಗೆಯ ಮೆಮೊರಿ ಇರುವ ಡ್ರೈವ್‌ಗಳ ಬೆಲೆ ಹತ್ತಿರ ಇದ್ದರೆ ಟಿಎಲ್‌ಸಿ ತಗೊಳ್ಳಿ. ಕ್ಯೂಎಲ್‌ಸಿ ಡ್ರೈವ್‌ಗೆ ದೊಡ್ಡ ಫೈಲ್‌ಗಳನ್ನು ಒಂದೇ ಸಮನೆ ಬರೆದರೆ ವೇಗ ಕುಸಿಯುತ್ತದೆ.

ಪವರ್ ಸಪ್ಲೈ ಎಷ್ಟು ವ್ಯಾಟ್‌ನದ್ದು ಬೇಕು? ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದದ್ದು ನಡೆಯುತ್ತಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ನಡೆಯುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಅಷ್ಟೊಂದು ಸುರಿದು ಎಸ್‌ಎಂಪಿಎಸ್ (ಪವರ್ ಸಪ್ಲೈ) ಹತ್ತಿರ ಕೈ ಬಿಗಿ ಹಿಡಿಯುವುದು, ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಕಂಪ್ಯೂಟರ್‌ನ ಪ್ರತಿ ಭಾಗಕ್ಕೂ ಕರೆಂಟ್ ಹೋಗುವುದು ಇದರ ಮೂಲಕವೇ. ಇದು ಕೆಟ್ಟ ರೀತಿಯಲ್ಲಿ ಸತ್ತರೆ ಜೊತೆಗೆ ಬೇರೆಯವನ್ನೂ ಕರೆದುಕೊಂಡು ಹೋಗಬಹುದು. ಹೆಸರಿಲ್ಲದ ಪೆಟ್ಟಿಗೆಯ ಮೇಲೆ 600 ವ್ಯಾಟ್ ಎಂದು ಅಚ್ಚು ಹಾಕಲು ಯಾರಪ್ಪಣೆ ಬೇಕು?

ವ್ಯಾಟ್ ಲೆಕ್ಕ ಹೀಗೆ. ಪ್ರೊಸೆಸರ್ ಎಳೆಯುವುದು, ಕಾರ್ಡ್ ಎಳೆಯುವುದು, ಉಳಿದದ್ದಕ್ಕೆಲ್ಲ ಸೇರಿ 75ರಿಂದ 100 ವ್ಯಾಟ್. ಇವನ್ನು ಕೂಡಿಸಿ, ಮೇಲೆ ಮೂರನೇ ಒಂದು ಭಾಗ ಬಿಡುವು ಇಡಿ. ಪ್ರೊಸೆಸರ್‌ನ ಟಿಡಿಪಿ (ಕಂಪನಿ ಬರೆದ ವ್ಯಾಟ್) ಅಂಕಿಯನ್ನು ಹಾಗೇ ನಂಬಬೇಡಿ. ಎಎಂ5ನಲ್ಲಿ 65 ವ್ಯಾಟ್ ಅಂತ ಬರೆದ ರೈಜನ್ 88 ವ್ಯಾಟ್‌ವರೆಗೆ ಎಳೆಯುತ್ತದೆ, 170 ಅಂತ ಬರೆದದ್ದು 230ರವರೆಗೆ. ಕಾರ್ಡ್ 200 ವ್ಯಾಟ್, ಪ್ರೊಸೆಸರ್ 88, ಉಳಿದದ್ದು 100 ಅಂದರೆ 388. ಬಿಡುವು ಸೇರಿಸಿದರೆ 520ರ ಸುಮಾರು. 550 ಅಥವಾ 650 ಕೊಂಡರೆ ನಿಶ್ಚಿಂತೆ. 1000 ವ್ಯಾಟ್ ಬೇಕಾಗಿಲ್ಲ.

ಬಿಡುವು ಯಾಕೆ ಅಂದರೆ, ಈಗಿನ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಮಿತಿ ಮೀರಿ ಎಳೆಯುತ್ತವೆ. ಸಪ್ಲೈ ತಡೆಯದಿದ್ದರೆ ಆಟದ ಮಧ್ಯೆ ಕಂಪ್ಯೂಟರ್ ಪಟ್ಟನೆ ಆಫ್. 2022ರ ಎಟಿಎಕ್ಸ್ 3.0 ಮಾನದಂಡ ಸಪ್ಲೈ ಇಂಥ ಜಿಗಿತಗಳನ್ನು ತಾಳಿಕೊಳ್ಳಬೇಕೆಂದೇ ನಿಯಮ ಹಾಕಿದೆ. ಹೊಸದಾಗಿ ಕೊಳ್ಳುವವರು ಎಟಿಎಕ್ಸ್ 3.0 ಅಥವಾ 3.1 ಇರುವುದನ್ನೇ ನೋಡಿ.

650 ವ್ಯಾಟ್ ಸಪ್ಲೈ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅನ್ನುವ ಭಯ ಬೇಡ. ಕಂಪ್ಯೂಟರ್ ಕೇಳಿದಷ್ಟೇ ಅದು ಎಳೆಯುತ್ತದೆ, ಮೇಲೆ ಶಾಖವಾಗಿ ವ್ಯರ್ಥವಾಗುವುದಿಷ್ಟು. ಆ ವ್ಯರ್ಥ ಎಷ್ಟು ಕಡಿಮೆ ಅನ್ನುವುದಕ್ಕೇ 80 ಪ್ಲಸ್ ಬ್ರಾಂಜ್, ಗೋಲ್ಡ್ ಗುರುತುಗಳು. ಗೋಲ್ಡ್ ಅಂದರೆ ಅರ್ಧ ಹೊರೆಯಲ್ಲಿ ಕನಿಷ್ಠ 90 ಶೇಕಡಾ ದಕ್ಷತೆ. ಅದು ದಕ್ಷತೆಯ ಅಂಕ ಮಾತ್ರ, ಬಾಳಿಕೆಯ ಸರ್ಟಿಫಿಕೇಟ್ ಅಲ್ಲ. ಬಾಳಿಕೆಗೆ ವಾರಂಟಿ ಎಷ್ಟು ವರ್ಷ ಎಂದು ನೋಡಿ. ಏಳು, ಹತ್ತು ವರ್ಷ ಕೊಡುವವರು ಸುಮ್ನೆ ಕೊಡುವುದಿಲ್ಲ ಅಲ್ವಾ?

ಒಂದು ಎಚ್ಚರಿಕೆ: ಬಿಚ್ಚಿ ಹಾಕುವ ಕೇಬಲ್ ಇರುವ ಮಾಡ್ಯುಲರ್ ಸಪ್ಲೈ ತಂದರೆ, ಹಳೆಯ ಸಪ್ಲೈಯ ಕೇಬಲ್ಲನ್ನು ಇದಕ್ಕೆ ಚುಚ್ಚಬೇಡಿ. ಕನೆಕ್ಟರ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಡ್ರೈವ್‌ಗಳು ಸುಟ್ಟುಹೋಗುವುದು ಹೀಗೇ.

ಲಿಕ್ವಿಡ್ ಕೂಲರ್ ಬೇಕಾ?

ಹೆಚ್ಚಿನವರಿಗೆ ಬೇಡ. ಡಬ್ಬಿಯಲ್ಲಿ ಕೂಲರ್ ಬಂದಿದ್ದರೆ 65 ವ್ಯಾಟ್ ಚಿಪ್‌ಗೆ ಅದು ನಡೆಯುತ್ತದೆ, ಸದ್ದು ಸ್ವಲ್ಪ ಜಾಸ್ತಿ. ರೈಜನ್ 7600 ಜೊತೆ ಬರುತ್ತದೆ, 7600ಎಕ್ಸ್ ಜೊತೆ ಬರುವುದಿಲ್ಲ. 120 ಎಂಎಂ ಫ್ಯಾನ್ ಇರುವ ಟವರ್ ಕೂಲರ್ ಹಾಕಿದರೆ ಆಟಕ್ಕೆ ಬಳಸುವ ಬಹುತೇಕ ಚಿಪ್‌ಗಳಿಗೆ ಸಾಕು. ಅದರಲ್ಲಿ ಕೆಡಲು ಇರುವುದು ಫ್ಯಾನ್ ಒಂದೇ. ಲಿಕ್ವಿಡ್‌ನಲ್ಲಿ ಪಂಪ್ ಕೂಡ ಇದೆ. ದಿನವಿಡೀ ರೆಂಡರ್ ಮಾಡುವ 16 ಕೋರ್ ಚಿಪ್ ಇದ್ದರೆ 360 ಎಂಎಂ ಲಿಕ್ವಿಡ್ ಬಗ್ಗೆ ಯೋಚಿಸಿ.

ಹೆಚ್ಚಿನ ರೈಜನ್ 7000 ಚಿಪ್‌ಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿವರೆಗೆ ಹೋಗುವಂತೆಯೇ ಮಾಡಲಾಗಿದೆ. ಆ ಅಂಕಿ ನೋಡಿ ಗಾಬರಿ ಬೀಳಬೇಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೇ ಇದ್ದರೆ ಮಾತ್ರ ಗಾಬರಿ ಬೀಳಿ.

ಕ್ಯಾಬಿನೆಟ್ ಆರಿಸುವಾಗ ಏನು ನೋಡಬೇಕು?

ಮೂರು ಅಳತೆ: ಬೋರ್ಡಿನ ಗಾತ್ರ, ಕಾರ್ಡಿನ ಉದ್ದ, ಕೂಲರ್‌ನ ಎತ್ತರ. ಎಟಿಎಕ್ಸ್ ಬೋರ್ಡ್ 305×244 ಎಂಎಂ, ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಕಾರ್ಡ್ 300 ಎಂಎಂ ದಾಟುವುದು ಈಗ ಮಾಮೂಲು. ಮುಂಭಾಗ ಜಾಲರಿ ಇರಲಿ. ಮುಂದೆ ಪೂರ್ತಿ ಗಾಜು ಹಾಕಿ ಗಾಳಿ ಹೋಗಲು ಸಂದಿ ಬಿಡದ ಪೆಟ್ಟಿಗೆಗಳು ಫೋಟೋದಲ್ಲಿ ಚೆಂದ, ಅಷ್ಟೆ. ಮಿನಿ ಐಟಿಎಕ್ಸ್ ಮುದ್ದಾಗಿರುತ್ತದೆ, ಆದರೆ ಮೊದಲ ಸಲಕ್ಕೆ ಬೇಡ. ಕೈ ಆಡಿಸಲು ಜಾಗ ಇರುವುದಿಲ್ಲ.

ಬಣ್ಣದ ಲೈಟ್ ಹಾಕಿದರೆ ತೊಂದರೆ ಏನಾದರೂ?

ಇಲ್ಲ. ಹಣ ಉಳಿದರೆ ಹಾಕಿ.

"ಬಾಟಲ್‌ನೆಕ್" ಆಗುತ್ತೆ ಅಂತ ಹೆದರಿಸ್ತಾರೆ. ನಿಜವಾ?

ಪ್ರತಿ ಕಂಪ್ಯೂಟರ್‌ನಲ್ಲೂ ಯಾವುದೋ ಒಂದು ಭಾಗ ಉಳಿದದ್ದಕ್ಕಿಂತ ನಿಧಾನ ಇದ್ದೇ ಇರುತ್ತದೆ. ಯಾವುದು ಎಂಬುದು ಆಟದಿಂದ ಆಟಕ್ಕೆ, ಪರದೆಯಿಂದ ಪರದೆಗೆ ಬದಲಾಗುತ್ತದೆ. ಪ್ರೊಸೆಸರ್ ಮತ್ತು ಕಾರ್ಡಿನ ಒಂದೇ ಜೋಡಿ 1080ರಲ್ಲಿ ಪ್ರೊಸೆಸರ್‌ಗೆ ಕಾಯುತ್ತದೆ, 4ಕೆಯಲ್ಲಿ ಕಾರ್ಡ್‌ಗೆ ಕಾಯುತ್ತದೆ. ಹಾಗಾಗಿ ಎರಡು ಹೆಸರು ಹಾಕಿದರೆ ಶೇಕಡಾವಾರು ಉಗುಳುವ ಕ್ಯಾಲ್ಕುಲೇಟರ್‌ಗಳಿಗೆ ಅರ್ಥವಿಲ್ಲ. ನೀವು ಆಡುವ ಆಟದ ಪರೀಕ್ಷೆಗಳನ್ನು, ನಿಮ್ಮ ಪರದೆಯ ಅಳತೆಯಲ್ಲಿ ನೋಡಿ.

ಸೆಕೆಂಡ್ ಹ್ಯಾಂಡ್ ಭಾಗ ಕೊಳ್ಳಬಹುದಾ?

ಕೆಲವನ್ನು. ಪ್ರೊಸೆಸರ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ಮೇಲೆ ಹೇಳಿದ ಇಂಟೆಲ್ ಚಿಪ್‌ಗಳನ್ನು ಬಿಟ್ಟು. ಎಎಂ4 ಚಿಪ್ ಆದರೆ ಕೆಳಗಿನ ಪಿನ್ ಬಾಗಿದೆಯಾ ನೋಡಿ. ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್ ಬೋರ್ಡಿನಲ್ಲಿರುತ್ತದೆ, ಹಾಗಾಗಿ ಬೋರ್ಡಿನ ಸಾಕೆಟ್ಟನ್ನು ಟಾರ್ಚ್ ಹಾಕಿ ನೋಡಿ. ರ‍್ಯಾಮ್ ಪರವಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಆದರೆ ಕಣ್ಣೆದುರು ಭಾರಿ ಆಟವೊಂದನ್ನು ಅರ್ಧ ಗಂಟೆ ಓಡಿಸಿ ತೋರಿಸಲಿ. ಹಾರ್ಡ್ ಡಿಸ್ಕ್, ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ಎಲ್ಲಾ ಭಾಗ ಒಂದಕ್ಕೊಂದು ಹೊಂದುತ್ತವೆ ಎಂದು ಹೇಗೆ ಖಾತ್ರಿ ಮಾಡಿಕೊಳ್ಳಲಿ?

ಪಿಸಿ ಪಾರ್ಟ್ ಪಿಕರ್ ತರಹದ ತಾಣದಲ್ಲಿ ಪಟ್ಟಿ ಹಾಕಿದರೆ ಸಾಕೆಟ್, ರ‍್ಯಾಮ್ ಬಗೆ, ವ್ಯಾಟ್ ಎಲ್ಲ ತಾಳೆ ನೋಡುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಬೋರ್ಡ್ ಕಂಪನಿಯ ತಾಣದಲ್ಲಿ ಆ ಬೋರ್ಡ್ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಯಾವ ಬಯೋಸ್ ಆವೃತ್ತಿಯಿಂದ ಎಂದೂ ಬರೆದಿರುತ್ತಾರೆ. ಆ ಸಾಲು ಓದಿ.

ವಿಂಡೋಸ್ ಯಾವುದು ಹಾಕಲಿ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಈಗಿನ ಪ್ರೊಸೆಸರ್‌ಗಳ ಒಳಗೇ ಇದೆ, ಬೇರೆ ಚಿಪ್ ಕೊಳ್ಳಬೇಡಿ. ಕಂಪ್ಯೂಟರ್ ಜೊತೆಗೆ ಬರುವ ಓಇಎಂ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ರಿಟೇಲ್ ಆದರೆ ಮುಂದಿನ ಕಂಪ್ಯೂಟರ್‌ಗೆ ಒಯ್ಯಬಹುದು. ಲಿನಕ್ಸ್ ಆದರೆ ಈ ರಗಳೆ ಯಾವುದೂ ಇಲ್ಲ.

ಎಲ್ಲಾ ಜೋಡಿಸಿ ಬಟನ್ ಒತ್ತಿದೆ. ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಯಾವ ಭಾಗ ಕೆಟ್ಟದ್ದು ಬಂತು?

ಬಹುಶಃ ಯಾವುದೂ ಇಲ್ಲ. ಡಿಡಿಆರ್5 ಹಾಕಿದ ಬೋರ್ಡ್ ಮೊದಲ ಸಲ ಶುರುವಾಗುವಾಗ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು, ಅಷ್ಟು ಹೊತ್ತೂ ಪರದೆಯಲ್ಲಿ ಏನೂ ಬರುವುದಿಲ್ಲ. ಹದಿನೈದು ನಿಮಿಷ ಮುಟ್ಟದೆ ಬಿಡಿ.

ಆಮೇಲೂ ಬರದಿದ್ದರೆ ಮಾನಿಟರ್ ಕೇಬಲ್ ಬೋರ್ಡಿಗೆ ಚುಚ್ಚಿದ್ದೀರಾ ನೋಡಿ. ಕಾರ್ಡ್ ಇದ್ದರೆ ಕಾರ್ಡಿಗೇ ಚುಚ್ಚಬೇಕು. ಪ್ರೊಸೆಸರ್ ಹತ್ತಿರದ 8 ಪಿನ್ ಪವರ್ ಕೇಬಲ್ ಮರೆಯುವವರು ತುಂಬಾ ಜನ. ರ‍್ಯಾಮ್ ಪೂರ್ತಿ ಒತ್ತಿ ಕೂರಿಸಿದ್ದೀರಾ, ಒಮ್ಮೆ ತೆಗೆದು ಒಂದೇ ಸ್ಟಿಕ್ ಹಾಕಿ ನೋಡಿ. ಈಗಿನ ಅನೇಕ ಬೋರ್ಡ್‌ಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್. ಯಾವುದು ಉರಿದು ನಿಂತಿದೆಯೋ ಹುಡುಕಾಟ ಅಲ್ಲಿಂದ ಶುರು. "ಬೂಟ್" ಉರಿಯುತ್ತಿದ್ದರೆ ಕುಣಿದಾಡಿ, ಹೆಚ್ಚಾಗಿ ಇನ್ನೂ ವಿಂಡೋಸ್ ಹಾಕಿಲ್ಲ ಅಂತಷ್ಟೇ ಅದರ ಅರ್ಥ.